ಖರ್ಜದ ತಂತಿ ಮತ್ತು ಡಿಕ್ಕಿಯ ಪೆಟ್ಟಿಗೆ

ಕಾರಿನೊಳಗೆ ಸಂಗೀತ ಕೇಳುವುದನ್ನು ನಮ್ಮ ವಿಮರ್ಶೆ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಬೈಠಕ್ಕಿನ ಬಗ್ಗೆ, ಆಕಾಶವಾಣಿಯ ಬಗ್ಗೆ, ಗ್ರಾಮಫೋನಿನ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಆದರೆ ಒಂದಿಡೀ ರಾಗವನ್ನು ಅಡ್ಡಿಯಿಲ್ಲದೆ ಕೇಳಲು ನನ್ನಂಥವರಿಗೆ ಈಗ ಉಳಿದಿರುವ ಜಾಗ ಕಾರು. ಬೆಳಗಾವಿಯಿಂದ ಜಾಂಬೋಟಿ ದಾಟಿ ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಹೋಗುವ ದಾರಿ ಒಂದು ಬಡಾ ಖ್ಯಾಲಿಗೂ ಅದರ ಹಿಂದೆ ಬರುವ ಛೋಟಾ ಖ್ಯಾಲಿಗೂ ಸಾಕಾಗುವಷ್ಟು ಉದ್ದವಿದೆ. ಕಂಪನಿಯೇ ಕೊಟ್ಟ ಸ್ಪೀಕರುಗಳ ಜೊತೆಗೆ ಹೊರಗಿನಿಂದ ತಂದ ಒಂದು ಸಬ್‌ವೂಫರ್ ಜೋಡಿಸಿಕೊಂಡು ಆ ದಾರಿಯಲ್ಲಿ ಓಡಾಡುತ್ತಿದ್ದೇನೆ. ಹೀಗೆ ಸೇರಿಸುವುದು ಹಾಡಿಗೆ ಮಾಡುವ ನ್ಯಾಯವೋ ಅನ್ಯಾಯವೋ ಎಂಬುದು ಇಲ್ಲಿ ನನ್ನ ಪ್ರಶ್ನೆ.

ಮೊದಲು ಕೊರತೆ ಏನೆಂದು ನೋಡೋಣ. ಕಾರಿನ ಬಾಗಿಲಲ್ಲಿ ಕೂತ ಆರೂವರೆ ಇಂಚಿನ ಸ್ಪೀಕರ್ 80 ಹರ್ಟ್ಜ್‌ಗಿಂತ ಕೆಳಗೆ ಇಳಿದಂತೆ ಸೊರಗುತ್ತದೆ. ಗಂಡುದನಿಯ ಗಾಯಕರು ಹಾರ್ಮೋನಿಯಂನ ಕರಿ ಒಂದರ ಶ್ರುತಿಗೆ ಹಾಡಿದರೆ ಷಡ್ಜ ಸುಮಾರು 138 ಹರ್ಟ್ಜ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ 69. ಇಡೀ ಗಾಯನ ಯಾವ ನೆಲದ ಮೇಲೆ ನಿಂತಿದೆಯೋ ಆ ನೆಲವೇ ಸ್ಪೀಕರಿನ ಅಳತೆಯ ಕೆಳಗೆ ಬೀಳುತ್ತದೆ. ತಬಲಾದ ಎಡದ ಗುಂಕಾರಕ್ಕೂ ಹೆಚ್ಚುಕಡಿಮೆ ಇದೇ ಗತಿ.

ಆದರೂ ನಮಗೆ ಖರ್ಜ ಕೇಳಿಸುತ್ತದಲ್ಲ? ಕೇಳಿಸುತ್ತದೆ. 138, 207, 276 ಎಂದು ಒಂದೇ ಅಂತರದಲ್ಲಿ ಬರುವ ಮೇಲಿನ ಅನುಸ್ವರಗಳನ್ನು ಹಿಡಿದು ಮಿದುಳು ಇಲ್ಲದ 69ನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಧ್ವನಿಶಾಸ್ತ್ರದಲ್ಲಿ ಇದು ಹೊಸ ಸಂಗತಿಯಲ್ಲ. ಕಾವ್ಯಶಾಸ್ತ್ರ ಓದಿದವರಿಗಂತೂ ಇದು ತೀರ ಪರಿಚಿತ ವ್ಯವಹಾರ. ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನಿ’ ಎಂದದ್ದು ಹೇಳದೆಯೇ ಹೊಳೆಯುವ ಅರ್ಥವನ್ನು. ಕವಿ ಬಿಟ್ಟದ್ದನ್ನು ಸಹೃದಯ ತುಂಬಿಕೊಳ್ಳುವಂತೆ ತಂತಿ ಬಿಟ್ಟದ್ದನ್ನು ಕಿವಿ ತುಂಬಿಕೊಳ್ಳುತ್ತದೆ.

ಹಾಗಾದರೆ ಸಬ್‌ವೂಫರ್ ಯಾಕೆ? ಸಹೃದಯನಿಗೆ ಬಿಟ್ಟದ್ದನ್ನು ಯಂತ್ರವೇ ತುಂಬಿಬಿಟ್ಟರೆ ರಸಭಂಗವಲ್ಲವೆ? ಮನೆಯೊಳಗೆ, ನಿಶ್ಶಬ್ದದಲ್ಲಿ ಕೂತವರು ಕೇಳಬೇಕಾದ ಪ್ರಶ್ನೆ ಇದು. ಓಡುವ ಕಾರಿನ ಮಾತು ಬೇರೆ. ಎಂಜಿನ್, ಟೈರು, ಡಾಂಬರು ಎಲ್ಲವೂ ಸೇರಿ ಎಬ್ಬಿಸುವ ಮೊರೆತ ಇರುವುದು ಹೆಚ್ಚಾಗಿ ಕೆಳಸ್ಥಾಯಿಯಲ್ಲೇ. ಅದು ಖರ್ಜವನ್ನಷ್ಟೇ ಅಲ್ಲ, ಖರ್ಜವನ್ನು ಊಹಿಸಲು ಬೇಕಾದ ಸುಳಿವುಗಳನ್ನೂ ಮುಚ್ಚುತ್ತದೆ. ಬಿಟ್ಟದ್ದು ಬೇರೆ, ಅಳಿಸಿದ್ದು ಬೇರೆ. ಅಳಿಸಿಹೋದ ಅಕ್ಷರವನ್ನು ಮತ್ತೆ ಬರೆಯುವುದು ಗ್ರಂಥಸಂಪಾದಕನ ಕರ್ತವ್ಯ.

ಇಲ್ಲೊಂದು ತೊಡಕಿದೆ. ಕಂಪನಿಯ ಸೆಟ್ಟನ್ನು ಉಳಿಸಿಕೊಂಡು ಸಬ್‌ವೂಫರ್ ಸೇರಿಸುವವರು ಸಾಮಾನ್ಯವಾಗಿ ಸ್ಪೀಕರಿಗೆ ಹೋಗುವ ತಂತಿಯಿಂದಲೇ ಸಂಕೇತ ತೆಗೆದು ಆಂಪ್ಲಿಫೈಯರಿಗೆ ಕೊಡುತ್ತಾರೆ. ಕರೆಂಟು ಮಾತ್ರ ನೇರ ಬ್ಯಾಟರಿಯಿಂದ, ಹತ್ತಿರದಲ್ಲೇ ಒಂದು ಫ್ಯೂಸ್ ಇಟ್ಟು. ಆದರೆ ಹಲವು ಕಾರುಗಳಲ್ಲಿ ವಾಲ್ಯೂಮ್ ಏರಿಸಿದಂತೆ ಸೆಟ್ಟು ತಾನಾಗಿಯೇ ಕೆಳಸ್ಥಾಯಿಯನ್ನು ಕತ್ತರಿಸುತ್ತದೆ, ಸಣ್ಣ ಸ್ಪೀಕರ್ ಹರಿಯದಿರಲೆಂದು. ಹೀಗಾಗಿ ನಮ್ಮ ಪೆಟ್ಟಿಗೆಗೆ ಸಿಗುವುದು ಮೂಲಪಾಠವಲ್ಲ, ಯಾರೋ ತಿದ್ದಿದ ಪಾಠ. ತಿದ್ದಿದ್ದು ಎಲ್ಲಿ ಎಂದು ತಿಳಿಯದೆ ಅದರ ಮೇಲೆ ಎಷ್ಟು ಟೀಕು ಬರೆದರೂ ಮೂಲ ಕೈಗೆ ಸಿಗುವುದಿಲ್ಲ. ಕತ್ತರಿಸಿದ್ದನ್ನು ಗುರುತಿಸಿ ಸರಿದೂಗಿಸುವ ಸಾಧನಗಳಿವೆ. ಪೆಟ್ಟಿಗೆಯ ಗಾತ್ರಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಅದನ್ನು.

ನಮ್ಮ ಭಾಗದ ಮೂವರ ಧ್ವನಿಮುದ್ರಣಗಳನ್ನು ನಾನು ಒರೆಗಲ್ಲಾಗಿ ಬಳಸುತ್ತೇನೆ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ, ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷದ ತಟ್ಟೆಗಳು ಮೊದಲನೆಯವು. ತೀರ ಕೆಳಗಿನ ನಾದಕ್ಕೆ ಆ ತಟ್ಟೆಗಳಲ್ಲಿ ಹೆಚ್ಚು ಜಾಗವಿರಲಿಲ್ಲ. ಸಬ್‌ವೂಫರ್ ಅಲ್ಲಿ ದೊಡ್ಡದು ಮಾಡುವುದು ತಟ್ಟೆ ತಿರುಗುವ ಗರಗರವನ್ನಷ್ಟೇ. ಪಠ್ಯದಲ್ಲಿ ಇಲ್ಲದ್ದನ್ನು ಹೊರಡಿಸಲು ಹೊರಟ ವಿಮರ್ಶೆಗೆ ಸಿಗುವುದೂ ಇಷ್ಟೇ. ಅಂಥ ಕಡೆ ಪೆಟ್ಟಿಗೆ ಸುಮ್ಮನಿರಬೇಕು.

ಎರಡನೆಯದು ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಗಾಯನ. ಕ್ಷಯದಿಂದ ಒಂದು ಶ್ವಾಸಕೋಶ ನಿರುಪಯೋಗಿಯಾದ ಮೇಲೆ ಅವರು ಕಟ್ಟಿಕೊಂಡ ಗಾಯನದಲ್ಲಿ ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುವೆ ಬಿಡುವು. ಆ ಬಿಡುವನ್ನು ಹಿಡಿದು ನಿಲ್ಲಿಸುವುದು ತಂಬೂರಿ. ತಂಬೂರಿಯ ಶ್ರುತಿಯ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ಎಂಬುದು ಎಲ್ಲರಿಗೂ ಗೊತ್ತು. ಓಡುವ ಕಾರಿನಲ್ಲಿ ಖರ್ಜ ಮುಳುಗಿದರೆ ಆ ಬಿಡುವು ಬರೀ ಖಾಲಿಯಾಗಿ ಕೇಳುತ್ತದೆ, ಗಾಯಕ ಉಸಿರಿಗಾಗಿ ನಿಂತಂತೆ. ಖರ್ಜ ಮರಳಿದರೆ ಆ ಖಾಲಿ ಮತ್ತೆ ಹಾಡಿನ ಭಾಗವಾಗುತ್ತದೆ. ಸಬ್‌ವೂಫರಿಗೆ ನಾನು ಕೊಡುವ ಅತ್ಯಂತ ಗಟ್ಟಿಯಾದ ಸಮರ್ಥನೆ ಇದು.

ಮೂರನೆಯದು ಗಂಗೂಬಾಯಿ ಹಾನಗಲ್ಲರ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾದ ಆ ದನಿ ಕೇಳಲು ಎಷ್ಟೇ ಆಳವಿದ್ದರೂ 80 ಹರ್ಟ್ಜ್‌ಗಿಂತ ಮೇಲೆಯೇ ಇರುವಂಥದ್ದು. ಅದು ಡಿಕ್ಕಿಯಿಂದ ಬರುತ್ತಿದೆ ಅನಿಸಿದರೆ ಸೋಸುವ ಗಡಿಯನ್ನು ಮೇಲೆ ಇಟ್ಟಿದ್ದೇವೆ ಎಂದರ್ಥ. ಗಾಯಕಿ ಎದುರಿಗಿರಬೇಕು, ಬೆನ್ನ ಹಿಂದಲ್ಲ.

ಕೆಳಸ್ಥಾಯಿಯ ಸುಖವನ್ನು ಮೂಗು ಮುರಿದು ತಳ್ಳಿಹಾಕುವವನು ನಾನಲ್ಲ. ಡೊಳ್ಳು, ಜಗ್ಗಲಿಗೆಗಳನ್ನು ನಾವು ಕಿವಿಯಿಂದ ಎಷ್ಟು ಕೇಳುತ್ತೇವೋ ಎದೆಯಿಂದಲೂ ಅಷ್ಟೇ ಕೇಳುತ್ತೇವೆ. ಬೆಳಗಾವಿಯ ಹುಡುಗರು ಗಣಪತಿ ಕಳಿಸುವಾಗ ‘ಡಾಲ್ಬಿ’ಯ ಮುಂದೆ ಕುಣಿಯುವುದೂ ಆ ಎದೆಯ ಹಸಿವಿಗೇ. ಅದಕ್ಕೇ ಪೆಟ್ಟಿಗೆ ಕೂಡಿಸುವ ಅಂಗಡಿಯ ಹುಡುಗ ಗುಂಡಿ ಹಿಡಿದು “ಇನ್ನ ಸ್ವಲ್ಪ ಏರಸ್ಲೇನ್ರಿ ಸರ?” ಎಂದು ಕೇಳುತ್ತಾನೆ. ಅವನ ಅನುಭವದಲ್ಲಿ ಬೇಡ ಎಂದವರು ಕಡಿಮೆ.

ಆದರೆ ಡೊಳ್ಳು ಸುತ್ತ ನಿಂತ ಎಲ್ಲರಿಗೂ ಪೂರ್ತಿಯಾಗಿ ಕೇಳುತ್ತದೆ. ಕಾರಿನ ಹಾಡು ಹಾಗಲ್ಲ. ಗಾಜು ಏರಿಸಿದರೆ ಮೇಲಿನ ಸ್ವರಗಳು ಒಳಗೇ ನಿಲ್ಲುತ್ತವೆ. 50 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು ಏಳು ಮೀಟರ್, ಕಾರಿಗಿಂತ ಉದ್ದ. ತೆಳ್ಳನೆಯ ತಗಡು, ಗಾಜು ಅದನ್ನು ತಡೆಯಲಾರವು. ಒಳಗಿದ್ದವನಿಗೆ ರಾಗ, ಬೀದಿಯವರಿಗೆ ಬರೀ ದುಂ ದುಂ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ, ಮಾವುಲಿ ದೇವಿಯ ಗುಡಿಯ ಹತ್ತಿರ ಎಂಜಿನ್ ನಿಂತೊಡನೆ ದಾರಿಯ ಮೊರೆತವೂ ನಿಲ್ಲುತ್ತದೆ. ದಾರಿಯಲ್ಲಿ ಅಳಿಸಿದ್ದನ್ನು ತುಂಬಿಕೊಟ್ಟ ಅದೇ ಅಳತೆ ಅಲ್ಲಿ ಅತಿರೇಕ. ಗುಂಡಿಯನ್ನು ಅಲ್ಲಿ ಇಳಿಸಲೇಬೇಕು. ಅಲ್ಲಿ ಕಿವಿಗೆ ಮತ್ತೆ ತನ್ನ ಕೆಲಸ ಮಾಡಲು ಬರುತ್ತದೆ.

ಹೀಗಾಗಿ ಸೇರಿಸುವುದು ತಪ್ಪಲ್ಲ, ಎಷ್ಟು ಎಂದು ಒಮ್ಮೆ ನಿರ್ಧರಿಸಿ ಕೈತೊಳೆದುಕೊಳ್ಳುವುದು ತಪ್ಪು. ಸರಿಯಾಗಿ ಕೂಡಿಸಿದ ಸಬ್‌ವೂಫರ್ ಇದೆಯೆಂದು ಗೊತ್ತಾಗುವುದು ಅದನ್ನು ಆರಿಸಿದಾಗ ಮಾತ್ರ. ಒಳ್ಳೆಯ ಟೀಕೆಯ ಲಕ್ಷಣವೂ ಇದೇ: ಓದುವಾಗ ಕವಿತೆಯಷ್ಟೇ ಕಾಣಬೇಕು, ಟೀಕೆ ಇಲ್ಲದೆ ಮತ್ತೆ ಓದಿದಾಗ ಏನೋ ಕಡಿಮೆಯಾಯಿತು ಅನಿಸಬೇಕು.