ಕೆಮ್ಮಣ್ಣಿನಲ್ಲಿ ಹೊರಳುವ ಕುದುರೆಗಳು

ವಿಜಯಪುರದ ಹಿಪ್ಪುನೇರಳೆ ತೋಟಗಳ ನಡುವಿನ ಜಮೀನೊಂದರಲ್ಲಿ, ಜಟಕಾ ಮತ್ತು ಮದುವೆ ಮೆರವಣಿಗೆಯ ದುಡಿಮೆಯಿಂದ ಬಿಡಿಸಿ ತಂದ ಕುದುರೆಗಳಿವೆ. ಹಿಮದ ನಾಡಿನ ಕುದುರೆ ಹಿಮದಲ್ಲಿ ಹೊರಳುವಷ್ಟೇ ಸಡಗರದಿಂದ ಇವು ನಮ್ಮ ಕೆಮ್ಮಣ್ಣಿನಲ್ಲಿ ಹೊರಳುತ್ತವೆ.

ಅದಕ್ಕೂ ಒಂದು ಹದವಿದೆ. ಕುದುರೆ ನೆಲ ಮೂಸಿ, ಗೊರಸಿನಿಂದ ಕೆರೆದು ಮಣ್ಣು ಸಡಿಲಿಸಿ, ಒಂದು ಸುತ್ತು ಹಾಕಿ ಮುಂಗಾಲು ಮಡಿಸುತ್ತದೆ. ಆಮೇಲೆ ಬೆನ್ನು ನೆಲಕ್ಕೆ, ನಾಲ್ಕೂ ಕಾಲು ಆಕಾಶಕ್ಕೆ! ಏಳುವಾಗಂತೂ ನೋಡಲೇಬೇಕು. ನಮ್ಮ ಹಸು ಮೊದಲು ಹಿಂಭಾಗ ಎತ್ತುತ್ತದೆ. ಕುದುರೆ ಮುಂಗಾಲು ಚಾಚಿ ಊರಿ, ಹಿಂಗಾಲಿನಿಂದ ಒಮ್ಮೆಲೇ ನೂಕಿ ನಿಲ್ಲುತ್ತದೆ. ಮರುಗಳಿಗೆ ತಲೆಯಿಂದ ಬಾಲದವರೆಗೆ ಒಂದೇ ಕೊಡವು, ಸುತ್ತೆಲ್ಲ ಕೆಂಪು ಧೂಳು.

ಸರಂಜಾಮು ಉಜ್ಜಿ ಗಾಯವಾದಲ್ಲಿ ಕೂದಲು ಮತ್ತೆ ಹುಟ್ಟುವಾಗ ಬೆಳ್ಳಗಾಗುವುದುಂಟು. ಹೆಗಲಲ್ಲಿ ಅಂಥ ಬಿಳಿ ಪಟ್ಟೆಯಿರುವ ಮುದಿ ಹೆಣ್ಣುಗುದುರೆಯೇ ನನಗೆ ಅಚ್ಚುಮೆಚ್ಚು. ಅಲ್ಲಿ ನೊಣ ಕೂತರೆ ಅಷ್ಟು ಜಾಗದ ಚರ್ಮವನ್ನು ಮಾತ್ರ ಅದುರಿಸಿ ಓಡಿಸುತ್ತದೆ, ಎಂಥ ನಾಜೂಕು! ಲಾಳ ಕಿತ್ತ ಅದರ ಗೊರಸಿನ ಸದ್ದೂ ಬೇರೆ: ಟಕಟಕ ಹೋಗಿ ದಬದಬ. ಅದು ಹಿಂಗಾಲು ಝಾಡಿಸಿ ಓಡಿತೆಂದರೆ ಉಳಿದವೆಲ್ಲ ಹಿಂದೆಯೇ. ಬೇಲಿಯಾಚೆ ಸೊಪ್ಪು ಕೊಯ್ಯುವವರೂ ಕುಡುಗೋಲು ನಿಲ್ಲಿಸಿ ಕೇಕೆ ಹಾಕುತ್ತಾರೆ.