ಕೋಲಾಟದ ಮಟ್ಟು ಮತ್ತು ಪಿಳ್ಳಂಗೋವಿ: ಒಂದು ಆಕರ ವಿಮರ್ಶೆ

ಕನ್ನಡದಲ್ಲಿ ಜನಪದ ಗೀತಗಳ ವ್ಯಾಸಂಗವು ಬಹುಕಾಲ ಪದಗಳ ವ್ಯಾಸಂಗವಾಗಿಯೇ ನಡೆದು ಬಂದಿದೆ. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಗೀತಗಳನ್ನು ಇಂಗ್ಲಿಷಿಗೆ ತಿರುಗಿಸಿ ಪ್ರಕಟಿಸಿದನು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಇವುಗಳಿಂದ ನಾಡಿಗಾದ ಉಪಕಾರ ಸಣ್ಣದಲ್ಲ. ಆದರೆ ಹಾಡಿನ ಪದವು ಅಚ್ಚಿಗೆ ಸಂದಂತೆ ಅದರ ಮಟ್ಟು ಸಲ್ಲಲಿಲ್ಲವೆಂಬುದನ್ನೂ ಒಪ್ಪಬೇಕಾಗಿದೆ. ಬೀಸುವ ಕಲ್ಲಿನ ಪದವನ್ನು ಮಟ್ಟಿಲ್ಲದೆ ಓದಿದರೂ ಕಾವ್ಯವಾಗಿ ಸವಿಯಬಹುದು. ಕುಣಿತದ ಪದಕ್ಕೆ ಆ ಸೌಕರ್ಯವಿಲ್ಲ. ಅದರಲ್ಲಿ ಪದ, ಮಟ್ಟು, ಹೆಜ್ಜೆ ಮೂರೂ ಒಂದರ ಮೇಲೊಂದು ಒರಗಿ ನಿಂತಿರುತ್ತವೆ.

ಇಂದು ಇದಕ್ಕೆ ವಿಪರೀತವಾದ ಸ್ಥಿತಿಯೊಂದು ಒದಗಿದೆ. ಶಾಲಾ ವಾರ್ಷಿಕೋತ್ಸವಗಳಲ್ಲಿಯೂ ಯುವಜನೋತ್ಸವದ ಸ್ಪರ್ಧೆಗಳಲ್ಲಿಯೂ ಕೋಲಾಟದ ಮಟ್ಟನ್ನು ಪದವಿಲ್ಲದೆ ಕೊಳಲಿನಲ್ಲಿ ನುಡಿಸಿ, ಅಥವಾ ಹಾಗೆ ನುಡಿಸಿದ ಧ್ವನಿಮುದ್ರಣವನ್ನು ಹಾಕಿ, ಮಕ್ಕಳನ್ನು ಕುಣಿಸುವ ರೂಢಿ ಬೆಳೆದಿದೆ. ಹಿಂದೆ ಪದ ಉಳಿದು ಮಟ್ಟು ಹೋಯಿತು. ಈಗ ಮಟ್ಟು ಉಳಿದು ಪದ ಹೋಗುತ್ತಿದೆ. ಹೀಗೆ ಉಳಿದ ಮಟ್ಟು ಕೋಲಾಟದ ಮಟ್ಟೇ ಹೌದೇ, ಮುಂದಿನ ಚರಿತ್ರಕಾರನು ಅದನ್ನು ಆ ಕುಣಿತಕ್ಕೆ ಆಕರವೆಂದು ಅಂಗೀಕರಿಸಬಹುದೇ ಎಂಬುದು ಈ ಲೇಖನದ ವಿಷಯ. ಶಾಸನವನ್ನೂ ಕಡತವನ್ನೂ ಪರೀಕ್ಷಿಸುವಾಗ ನಾವು ಅನುಸರಿಸುವ ಕ್ರಮವನ್ನೇ ಇಲ್ಲಿ ಕೊಳಲಿನ ನುಡಿಗೆ ಅನ್ವಯಿಸಲು ಯತ್ನಿಸಿದ್ದೇವೆ.

1

ನಾವು ಗಮನವಿಟ್ಟು ಕೇಳಿದ ಪ್ರದೇಶ ಚನ್ನರಾಯಪಟ್ಟಣ. ಇದು ಹಾಸನ ಜಿಲ್ಲೆಯ ಪ್ರಸಿದ್ಧ ತಾಲ್ಲೂಕು ಕೇಂದ್ರವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಹೋಬಳಿ. ರಾಗಿ, ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯುವ ಈ ಸೀಮೆಯಲ್ಲಿ ಕನ್ನಡದೊಡನೆ ತೆಲುಗೂ ಮನೆಮಾತಾಗಿದೆ. ಕೋಲಾಟ, ತಮಟೆ, ವೀರಗಾಸೆ, ಕೀಲುಕುದುರೆ ಮೊದಲಾದವು ಬಯಲುಸೀಮೆಯ ಇತರೆಡೆಗಳಲ್ಲಿರುವಂತೆ ಇಲ್ಲಿಯೂ ಹಬ್ಬ ಜಾತ್ರೆಗಳ ಅಂಗ.

ಈ ಸೀಮೆಗೆ ಕೊಳಲಿನ ಒಂದು ಉನ್ನತ ಪ್ರತಿಮೆ ಪರಿಚಿತವಾಗಿದೆ. ದೇವನಹಳ್ಳಿಯ ಕೋಟೆಯೊಳಗೆ ವೇಣುಗೋಪಾಲಸ್ವಾಮಿಯ ದೇವಾಲಯವಿದೆ. ವೇಣುಗೋಪಾಲನ ಕೈಯಲ್ಲಿರುವುದು ಅಡ್ಡಗೊಳಲು. ತುಟಿಯನ್ನು ರಂಧ್ರದ ಅಂಚಿಗೆ ಆನಿಸಿ ಉಸಿರನ್ನು ಓರೆಯಾಗಿ ಹಾಯಿಸುವ ವಾದ್ಯ. ಜಾತ್ರೆಯಲ್ಲಿ ಗಳುವಿಗೆ ಸಿಕ್ಕಿಸಿ ಮಾರುವ ಬಿದಿರಿನ ಕೊಳಲುಗಳಲ್ಲಿ ಇನ್ನೊಂದು ಜಾತಿಯಿದೆ. ಅದರ ತುದಿಯನ್ನು ಬಾಯಲ್ಲಿಟ್ಟು ನೇರವಾಗಿ ಊದಬೇಕು. ತುದಿಯಲ್ಲಿ ಬೆಣೆಯೊಂದನ್ನು ಇಟ್ಟು, ಉಸಿರು ಹರಿಯಲು ಸಣ್ಣ ಸೀಳನ್ನು ಮಾತ್ರ ಬಿಟ್ಟಿರುತ್ತಾರೆ. ಆ ಉಸಿರು ಮುಂದಿನ ಕಂಡಿಯ ಅಂಚಿಗೆ ತಾಗಿ ನಾದವಾಗುತ್ತದೆ. ದಾಸರ ಪದಗಳಿಂದ ನಮಗೆ ಪರಿಚಿತವಾದ ಪಿಳ್ಳಂಗೋವಿ ಎಂಬ ಹೆಸರನ್ನು ಈ ಲೇಖನದ ಮಟ್ಟಿಗೆ ಇದಕ್ಕೆ ಬಳಸಿಕೊಂಡಿದ್ದೇವೆ.

ಈ ಎರಡರ ಭೇದ ಕೇವಲ ಆಕಾರದ್ದಲ್ಲ. ಅಡ್ಡಗೊಳಲಿನಲ್ಲಿ ತುಟಿಯ ಕೋನವನ್ನು ಬದಲಿಸಿ ಸ್ವರವನ್ನು ಬಾಗಿಸಬಹುದು, ತೇಲಿಸಬಹುದು. ಪಿಳ್ಳಂಗೋವಿಯಲ್ಲಿ ಉಸಿರಿನ ದಾರಿ ಕಟ್ಟಿಹಾಕಿದ್ದು. ನುಡಿಸುವವನ ವಶದಲ್ಲಿರುವುದು ಮೂರೇ: ಉಸಿರಿನ ಬಲ, ನಾಲಗೆಯ ತಡೆ, ಬೆರಳಿನ ತಟ್ಟು. ಸಂಗೀತ ಕಚೇರಿಯ ದೃಷ್ಟಿಯಿಂದ ಇದು ಬಡತನವೆನಿಸಬಹುದು. ಕುಣಿತದ ದೃಷ್ಟಿಯಿಂದ ಹಾಗಲ್ಲವೆಂದು ನಾವು ಭಾವಿಸುತ್ತೇವೆ.

2

ಕೋಲಾಟದ ಕಟ್ಟಡವನ್ನು ಸ್ಥೂಲವಾಗಿ ನೆನೆಯೋಣ. ಕುಣಿಯುವವರು ಎರಡು ಕೈಗಳಲ್ಲಿ ಕೋಲು ಹಿಡಿದು ಸುತ್ತುಗಟ್ಟಿ ನಿಲ್ಲುತ್ತಾರೆ. ತಮ್ಮ ಕೋಲುಗಳನ್ನು ತಾವೇ ತಟ್ಟಿಕೊಳ್ಳುವುದು ಒಂದು ಏಟು. ಎದುರಿನವರ ಅಥವಾ ಪಕ್ಕದವರ ಕೋಲಿಗೆ ತಟ್ಟುವುದು ಇನ್ನೊಂದು. ಮುಂದಾಳು ಪದದ ಸಾಲನ್ನು ಎತ್ತಿಕೊಟ್ಟರೆ ಉಳಿದವರು ಸೊಲ್ಲನ್ನು ಹಿಡಿಯುತ್ತಾರೆ. ಗತಿ ಮಂದವಾಗಿ ತೊಡಗಿ, ಮುಂದಾಳಿನ ಸೂಚನೆಯ ಮೇರೆಗೆ ಏರುತ್ತದೆ. ಸಾಮಾನ್ಯವಾಗಿ ಮಟ್ಟು ಐದಾರು ಸ್ವರಗಳ ಎಲ್ಲೆಯನ್ನು ದಾಟುವುದಿಲ್ಲ. ಆದಕಾರಣ ಆರು ರಂಧ್ರಗಳ ಪಿಳ್ಳಂಗೋವಿಗೆ ಅದು ಸುಲಭವಾಗಿ ಒಗ್ಗುತ್ತದೆ. ಸ್ವರಗಳನ್ನು ಹಿಡಿಯುವುದು ಅರ್ಧ ದಿನದ ಕೆಲಸ. ತೊಡಕು ಆಮೇಲೆ ಮೊದಲಾಗುತ್ತದೆ.

ಮೊದಲನೆಯ ತೊಡಕು ಅಕ್ಷರದ್ದು. ಇಂಥ ಮಟ್ಟುಗಳಲ್ಲಿ ಒಂದೇ ಸ್ವರದ ಮೇಲೆ ಮೂರು ನಾಲ್ಕು ಅಕ್ಷರಗಳು ಸಾಲಾಗಿ ಬರುವುದು ಸಾಮಾನ್ಯ. ಹಾಡುವವನಿಗೆ ವ್ಯಂಜನಗಳೇ ಆ ಅಕ್ಷರಗಳನ್ನು ಬಿಡಿಸಿಕೊಡುತ್ತವೆ. ಏಟು ಯಾವ ಅಕ್ಷರದ ಮೇಲೆ ಬೀಳುತ್ತದೆಂಬುದು ಕುಣಿಯುವವರಿಗೆ ತಿಳಿಯುತ್ತದೆ. ಕೊಳಲಿನವನು ಅದನ್ನು ಒಂದೇ ಉದ್ದನೆಯ ಸ್ವರವಾಗಿ ಎಳೆದನೆಂದರೆ ಕಿವಿಗೆ ಇಂಪು, ಕಾಲಿಗೆ ಕತ್ತಲೆ. ಅಕ್ಷರದ ಕೆಲಸವನ್ನು ಇಲ್ಲಿ ನಾಲಗೆ ಮಾಡಬೇಕು. ಅಥವಾ ರಂಧ್ರದ ಮೇಲೆ ಬೆರಳನ್ನು ಕ್ಷಣಮಾತ್ರ ತಟ್ಟಿ ಸ್ವರವನ್ನು ಎರಡಾಗಿ ಸೀಳಬೇಕು. ಸುಮಾರು 990ರ ನಾಗವರ್ಮನ ‘ಛಂದೋಂಬುಧಿ’ಯು ಕರ್ಣಾಟಕ ವಿಷಯಜಾತಿಗಳೆಂದು ಬೇರ್ಪಡಿಸಿ ಹೇಳಿರುವ ಅಂಶಗಣದ ಪದ್ಯಗಳನ್ನು ಪಾಠ ಹೇಳುವಾಗ, ಹಾಡುವಿಕೆಯಲ್ಲಿ ಅಕ್ಷರ ಹಿಗ್ಗುವುದನ್ನೂ ಕುಗ್ಗುವುದನ್ನೂ ನಾವು ವಿದ್ಯಾರ್ಥಿಗಳಿಗೆ ವಿವರಿಸುತ್ತೇವೆ. ಪದವನ್ನು ಬಲ್ಲ ಕೊಳಲಿನವನು ಈ ಹಿಗ್ಗು ಕುಗ್ಗುಗಳನ್ನು ತಾನಾಗಿ ತರುತ್ತಾನೆ. ಸ್ವರಲಿಪಿಯನ್ನು ಮಾತ್ರ ಬಲ್ಲವನು ತರಲಾರ.

ಎರಡನೆಯದು ಉಸಿರು. ಮೇಳದಲ್ಲಿ ಮುಂದಾಳು ಸಾಲು ಮುಗಿಸಿದೊಡನೆ ಉಳಿದವರು ಸೊಲ್ಲು ಹಿಡಿಯುವುದರಿಂದ ಅವನಿಗೆ ಉಸಿರಾಡಲು ಅವಕಾಶ ದೊರೆಯುತ್ತದೆ. ಒಬ್ಬನೇ ಊದುವಾಗ ಸಾಲೂ ಸೊಲ್ಲೂ ಅವನ ಪಾಲಿಗೇ ಬರುತ್ತವೆ. ಉಸಿರನ್ನು ಎಲ್ಲಿಂದಲೋ ಕದಿಯಲೇಬೇಕು. ಏಟಿಗೆ ಮುಂಚಿನ ಸ್ವರವನ್ನು ಕತ್ತರಿಸಿ ಉಸಿರೆಳೆದರೆ ಕೋಲನ್ನು ಎತ್ತುವ ಗಳಿಗೆಯಲ್ಲಿ ನಾದ ನಿಂತುಹೋಗಿ ಹೆಜ್ಜೆಯ ನೆಗೆತ ಕುಸಿಯುತ್ತದೆ. ಏಟಾದ ಮೇಲಿನ ಸ್ವರವನ್ನು ಮೊಟಕುಮಾಡಿದರೆ ಕೋಲಿನ ಸದ್ದೇ ಆ ಬಿಡುವನ್ನು ಮುಚ್ಚುತ್ತದೆ. ಚನ್ನರಾಯಪಟ್ಟಣದ ಕಡೆ ನಾವು ಕೇಳಿದ ನುಡಿಸಾಣಿಕೆಗಳಲ್ಲಿ, ಸ್ವತಃ ಕೋಲಾಟವಾಡಿದವರು ಎರಡನೆಯ ಕ್ರಮವನ್ನೂ, ಪಾಠಶಾಲೆಯಲ್ಲಿ ಕೊಳಲು ಕಲಿತ ತರುಣರು ಮೊದಲನೆಯದನ್ನೂ ಹಿಡಿಯುತ್ತಿದ್ದುದು ಗಮನಾರ್ಹವಾಗಿ ತೋರಿತು.

ಮೂರನೆಯದು ಮುಗಿತಾಯ. ಜಡೆ ಕೋಲಾಟದಲ್ಲಿ ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ಕುಣಿಯುತ್ತ ಜಡೆ ಹೆಣೆಯುತ್ತಾರೆ. ಅನಂತರ ಹಿಮ್ಮೊಗವಾಗಿ ಕುಣಿದು ಅದನ್ನು ಬಿಚ್ಚುತ್ತಾರೆ. ಮಟ್ಟು ಎಷ್ಟು ಸಲ ಮರಳಬೇಕೆಂಬುದನ್ನು ನಿರ್ಣಯಿಸುವುದು ಹಗ್ಗದ ಉದ್ದ ಮತ್ತು ಕುಣಿಯುವವರ ಸಂಖ್ಯೆ. ಒಬ್ಬರು ತಪ್ಪು ಹೆಜ್ಜೆಯಿಟ್ಟು ಜಡೆ ತೊಡಕಿಕೊಂಡರೆ ನುಡಿಸುವವನು ಅಲ್ಲಿಯೇ ಸುತ್ತುತ್ತ ಕಾಯಬೇಕು. ನಾಲ್ಕು ನಿಮಿಷಕ್ಕೆ ಅಳೆದಿಟ್ಟ ಧ್ವನಿಮುದ್ರಣವು ಕಾಯಲಾರದು. ಆದುದರಿಂದ ಆ ಮುದ್ರಣಕ್ಕೆ ಕುಣಿಯುವವರು ಜಡೆಯನ್ನು ಮೊಟಕುಗೊಳಿಸಬೇಕಾಗುತ್ತದೆ. ಮಟ್ಟು ಕುಣಿತವನ್ನು ಹಿಂಬಾಲಿಸುವ ಬದಲು ಕುಣಿತವು ಮಟ್ಟನ್ನು ಹಿಂಬಾಲಿಸುತ್ತದೆ.

3

ಪಾಠಶಾಲೆಯಲ್ಲಿ ಕಲಿತವರು ದಡ್ಡರೆಂದು ನಾವು ಹೇಳುತ್ತಿಲ್ಲ. ಅವರ ಹಿಂದೆ ಘನವಾದ ಪರಂಪರೆಯಿದೆ. ಕರ್ಣಾಟಕ ಸಂಗೀತದಲ್ಲಿ ಕೊಳಲಿಗೆ ಕಚೇರಿಯ ಮನ್ನಣೆಯನ್ನು ತಂದ ಕೀರ್ತಿ ಶರಭಶಾಸ್ತ್ರಿಗಳಿಗೆ (1872–1904) ಸಲ್ಲುತ್ತದೆ. ಬಹುಕಾಲ ಬೆಂಗಳೂರಿನಲ್ಲಿ ನೆಲಸಿದ್ದ ಟಿ. ಆರ್. ಮಹಾಲಿಂಗಂ (1926–1986) ಅವರು ತುಟಿ ಮತ್ತು ಬೆರಳುಗಳ ಹೊಸ ವಿಧಾನದಿಂದ ಕೊಳಲು ಕಂಠದಂತೆಯೇ ಗಮಕಗಳನ್ನು ನುಡಿಯುವಂತೆ ಮಾಡಿದರು. ಒಂದು ಶತಮಾನದ ಅವಧಿಯಲ್ಲಿ ದಕ್ಷಿಣದ ಕೊಳಲು ನಡೆದ ದಾರಿ ಕಂಠದ ಕಡೆಗಿನದು. ಕುಣಿತದ ಮಟ್ಟು ಕೇಳುವುದಾದರೋ ಕೊಳಲು ಕಾಲಿನ ಕಡೆಗೆ ನಡೆಯಬೇಕೆಂದು. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಗಮಕವು ಏಟಿನ ಮೇಲೆ ಹಾದುಹೋದಾಗ ಏಟಿನ ಅಂಚು ಮಸುಕಾಗುತ್ತದೆ. ರಾಗದ ಭಾವಕ್ಕೆ ಅದು ಅಲಂಕಾರ; ಕೋಲಿನವನಿಗೆ ಅಡಚಣೆ. ಎರಡು ಕಲೆಗಳೂ ತಮ್ಮ ತಮ್ಮ ಎಡೆಯಲ್ಲಿ ಸಮರ್ಥವಾದವು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು, ಗಮಕವಿಲ್ಲದ ನುಡಿಯನ್ನು ಒರಟೆಂದು ಅಂಕ ಕಳೆಯುವ ಸ್ಪರ್ಧೆಯ ತೀರ್ಪು ನ್ಯಾಯವಾದುದಲ್ಲ.

ಹೊರನಾಡುಗಳ ನಿದರ್ಶನ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಯುರೋಪಿನ ಹಳ್ಳಿಗಳಲ್ಲಿ ಒಬ್ಬನೇ ಎಡಗೈಯಿಂದ ಮೂರು ರಂಧ್ರಗಳ ಪಿಳ್ಳಂಗೋವಿಯನ್ನು ನುಡಿಸುತ್ತ ಬಲಗೈಯಿಂದ ಸಣ್ಣ ಚರ್ಮವಾದ್ಯವನ್ನು ಬಾರಿಸಿ ಕುಣಿಸುವ ಪದ್ಧತಿ ಶತಮಾನಗಳ ಕಾಲ ನಡೆಯಿತು. ಮಟ್ಟು ಮತ್ತು ಏಟು ಒಬ್ಬನ ದೇಹದಲ್ಲಿಯೇ ಕೂಡಿದ್ದವು. 1843ರಲ್ಲಿ ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ ತಗಡಿನ ಪಿಳ್ಳಂಗೋವಿಯನ್ನು ತಯಾರಿಸತೊಡಗಿದ ಮೇಲೆ ಆ ಅಗ್ಗದ ವಾದ್ಯ ಐರ್ಲೆಂಡಿನ ಕುಣಿತದ ಮಟ್ಟುಗಳಿಗೆ ಅಚ್ಚುಮೆಚ್ಚಾಯಿತು. 1907ರಲ್ಲಿ ಫ್ರಾನ್ಸಿಸ್ ಓನೀಲ್ ಆ ನಾಡಿನ 1,001 ಕುಣಿತದ ಮಟ್ಟುಗಳನ್ನು ಸ್ವರಲಿಪಿಯಲ್ಲಿ ಅಚ್ಚುಹಾಕಿಸಿದನು. ಆ ಗ್ರಂಥವು ಮಟ್ಟುಗಳನ್ನು ಮರೆವಿನಿಂದ ಕಾಯಿತು. ಆದರೆ ನಾಲಗೆ ಎಲ್ಲಿ ತಡೆಯಬೇಕು, ಉಸಿರನ್ನು ಎಲ್ಲಿ ಕದಿಯಬೇಕು ಎಂಬುದು ಅಚ್ಚಿನ ಸ್ವರದಲ್ಲಿಲ್ಲ. ಅಲ್ಲಿನವರು ಇಂದಿಗೂ ಅದನ್ನು ನುಡಿಸುವವರ ಬಳಿ ಕುಳಿತು ಕಿವಿಯಿಂದಲೇ ಕಲಿಯುತ್ತಾರೆ.

ನಮ್ಮಲ್ಲಿಯೇ ಇನ್ನೊಂದು ನಿದರ್ಶನವುಂಟು. ಶಿರಾ, ಹಿರಿಯೂರು ಸೀಮೆಗಳ ಕಾಡುಗೊಲ್ಲರು ತಮ್ಮ ವೀರನಾದ ಜುಂಜಪ್ಪನ ಕಥೆಯನ್ನು ಗಣೆಯೊಡನೆ ಹಾಡುತ್ತಾರೆ. ಗಣೆಯು ಉದ್ದನೆಯ ಬಿದಿರಿನ ಕೊಳಲು. ಊದುವ ಬಾಯಿ ಅದೇ ಗಳಿಗೆಯಲ್ಲಿ ಹಾಡಲಾರದಷ್ಟೆ. ಆದಕಾರಣ ಅಲ್ಲಿ ನಾದವೂ ಮಾತೂ ಸರದಿಯಾಗಿ ಬರುತ್ತವೆ. ಅದು ಕಥನದ ವಾದ್ಯವೇ ಹೊರತು ಕುಣಿತದ್ದಲ್ಲ. ಆದರೂ ಕೊಳಲಿನ ನುಡಿಯ ಬೆನ್ನಿಗೆ ಪದ ಇರಲೇಬೇಕೆಂಬ ತಿಳಿವಳಿಕೆ ಆ ಪದ್ಧತಿಯಲ್ಲಿ ಅಡಗಿದೆ.

4

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಜನಪದ ಕಲೆ ಎಂದೂ ಬದಲಾಗುತ್ತ ಬಂದದ್ದು. ಪರದೇಶದ ಹಾರ್ಮೋನಿಯಂ ಕೋಲಾಟದ ಮೇಳಕ್ಕೆ ಸೇರಿದಾಗ ಆಗದ ಹಾನಿ ಗಮಕದ ಕೊಳಲಿನಿಂದ ಆಗುವುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯುಕ್ತವಾಗಿದೆ. ಹಳೆಯದೆಂಬ ಕಾರಣಕ್ಕೆ ಯಾವುದನ್ನೂ ನಾವು ಸಮರ್ಥಿಸುತ್ತಿಲ್ಲ. ಹಾರ್ಮೋನಿಯಂ ಮೇಳಕ್ಕೆ ಬಂದಾಗ ಪದವೂ ಕೋಲೂ ಅಲ್ಲಿಯೇ ಇದ್ದವು. ವಾದ್ಯವು ಅವುಗಳಿಗೆ ಅಧೀನವಾಗಿ ನಡೆಯಿತು. ಪಿಳ್ಳಂಗೋವಿಯೋ ಅಡ್ಡಗೊಳಲೋ, ಬಿದಿರೋ ತಗಡೋ, ಅದು ಮುಖ್ಯವಲ್ಲ. ಅದಕ್ಕೆ ಅಪರಿಚಿತರಾದ ಎಂಟು ಮಂದಿ ಕೋಲು ಹಿಡಿದು ತಪ್ಪಿಲ್ಲದೆ ಕುಣಿಯಬಲ್ಲರೇ ಎಂಬುದೊಂದೇ ನಮ್ಮ ಒರೆಗಲ್ಲು. ಕುಣಿಯಬಲ್ಲರಾದರೆ ನುಡಿಸಾಣಿಕೆ ಹೊಸದಾದರೂ ಸತ್ಯವಾದ ಆಕರ. ಕುಣಿಯಲಾರರಾದರೆ ಅದು ಕೋಲಾಟದ ಮಟ್ಟನ್ನು ಆಧರಿಸಿದ ಬೇರೊಂದು ಕೃತಿ. ಅಂಥ ಕೃತಿಯನ್ನು ಸವಿಯಲು ಅಡ್ಡಿಯಿಲ್ಲ. ಕೋಲಾಟವೆಂಬ ಹೆಸರಿನಲ್ಲಿ ಸಂಗ್ರಹಾಲಯಕ್ಕೆ ಸೇರಿಸಲು ಅಡ್ಡಿಯಿದೆ.

ಚರಿತ್ರೆಯ ವಿದ್ಯಾರ್ಥಿಗೆ ಇದರ ಮಹತ್ತ್ವ ಹೊರಗಿನವರಿಗಿಂತ ಹೆಚ್ಚಾಗಿ ಮನವರಿಕೆಯಾಗಬೇಕು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಕೋಲು ಹಿಡಿದು ಕುಣಿಯುವ ಸ್ತ್ರೀಯರ ಶಿಲ್ಪಗಳಿವೆ. ಕೈಯ ಎತ್ತರವನ್ನೂ ಮೊಣಕಾಲಿನ ಬಾಗನ್ನೂ ಕಲ್ಲು ನಮಗೆ ತಿಳಿಸುತ್ತದೆ. ಅವರು ಯಾವ ಗತಿಗೆ ಕುಣಿದರೆಂಬುದನ್ನು ತಿಳಿಸಲಾರದು. ವಿಜಯನಗರದ ಶಿಲ್ಪಿಯ ಬಳಿ ನಾದವನ್ನು ಹಿಡಿದಿಡುವ ಸಾಧನವಿರಲಿಲ್ಲ. ನಮ್ಮ ಬಳಿ ಇದೆ. ಸಾಧನವಿದ್ದೂ ಅರ್ಧ ಸಾಕ್ಷ್ಯವನ್ನು ಮಾತ್ರ ಉಳಿಸಿ ಹೋದರೆ ಮುಂದಿನವರು ನಮ್ಮನ್ನು ಕ್ಷಮಿಸಲು ಕಾರಣ ಕಾಣದು.

ಚನ್ನರಾಯಪಟ್ಟಣದ ವಿಷಯದಲ್ಲಿ ಈ ಕೆಲಸಕ್ಕೆ ಅವಸರವೂ ಇದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಸುತ್ತಲಿನ ನೆಲದ ಸ್ವರೂಪ ಮಾರ್ಪಡುತ್ತಿದೆ. ಈ ಹೋಬಳಿಯ 13 ಗ್ರಾಮಗಳ ಸುಮಾರು 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಕ್ರಮದ ವಿರುದ್ಧ ರೈತರು 2022ರಿಂದ ಮೂರು ವರ್ಷಗಳಿಗೂ ಮೀರಿ ಧರಣಿ ನಡೆಸಿದರು. 2025ರ ಜುಲೈ 15ರಂದು ರಾಜ್ಯ ಸರ್ಕಾರವು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಭೂಮಿಯ ಪ್ರಶ್ನೆಯ ಗುಣದೋಷ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಆದರೆ ಕಣ, ಸುಗ್ಗಿ, ಊರ ಬಯಲು ಇವುಗಳಿಲ್ಲದೆ ಎಂಟು ಮಂದಿ ಕೋಲು ಹಿಡಿದು ಕೂಡುವ ಸಂದರ್ಭವಿಲ್ಲ. ಅಂಥ ಸಂದರ್ಭವಿಲ್ಲದ ಊರಿನಲ್ಲಿ ನಾವು ಹೇಳಿದ ಒರೆಗಲ್ಲಿಗೆ ಮಟ್ಟನ್ನು ಉಜ್ಜಿ ನೋಡುವ ಬಗೆಯೂ ಇಲ್ಲ.

ಆದುದರಿಂದ ಕಾಲೇಜುಗಳ ಚರಿತ್ರೆ ಮತ್ತು ಕನ್ನಡ ವಿಭಾಗಗಳು ಜೊತೆಗೂಡಿ ಇಂಥ ಮಟ್ಟುಗಳನ್ನು ಸಂಗ್ರಹಿಸುವಾಗ ನಾಲ್ಕು ಅಂಶಗಳನ್ನು ಒಟ್ಟಿಗೆ ದಾಖಲಿಸುವುದು ಉಚಿತವೆಂದು ಸೂಚಿಸುತ್ತೇವೆ. ಮೊದಲನೆಯದು, ಕನ್ನಡವಾಗಲಿ ತೆಲುಗಾಗಲಿ, ಪೂರ್ಣವಾದ ಪದ. ಎರಡನೆಯದು, ಸ್ವರಲಿಪಿಯಲ್ಲಿ ಮಟ್ಟು. ಅದರ ಕೆಳಗೆ ಏಟು ಬೀಳುವ ಅಕ್ಷರಗಳ ಗುರುತು. ಮೂರನೆಯದು, ನುಡಿಸುವವನು ಉಸಿರೆಳೆಯುವ ಮತ್ತು ನಾಲಗೆ ತಡೆಯುವ ಎಡೆಗಳು. ನಾಲ್ಕನೆಯದು, ಕುಣಿತ ನಡೆಯುತ್ತಿರುವಾಗಲೇ ತೊಡಗಿನಿಂದ ಮುಗಿತಾಯದವರೆಗೆ ಕತ್ತರಿಸದೆ ಮಾಡಿದ ಧ್ವನಿಮುದ್ರಣ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಸಂಗ್ರಾಹಕನಾದ ವಿದ್ಯಾರ್ಥಿ ಒಂದು ಸಂಜೆ ತಾನೂ ಕೋಲು ಹಿಡಿದು ಸುತ್ತಿನಲ್ಲಿ ನಿಲ್ಲಬೇಕು. ಹಾಗೆ ನಿಂತವನಿಗೆ ಕೊಳಲಿನ ಯಾವ ಸ್ವರ ಅಲಂಕಾರ, ಯಾವುದು ಹೆಜ್ಜೆ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.