ದೇವನೂರಿನ ಐದು ಮಾತ್ರೆ

ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಗಮಕಿಗಳು ಹಾಡುವಾಗ ಶಾಸ್ತ್ರೀಯ ರಾಗ ಕಾವ್ಯದ ಮನೆಗೆ ನೆಂಟನಾಗಿ ಬರುತ್ತದೆ. ಕಾರಣ ಈ ಕಾವ್ಯದ ವಾರ್ಧಕ ಷಟ್ಪದಿಯ ಕಟ್ಟಿನಲ್ಲೇ ಇದೆ: ಐದೈದು ಮಾತ್ರೆಯ ಗಣಗಳು, ಮೂರನೆಯ, ಆರನೆಯ ಸಾಲುಗಳಲ್ಲಿ ಅಂಥ ಆರು ಗಣ, ಕೊನೆಗೊಂದು ಗುರು. ಆ ಗುರುವಿನ ಮೇಲೆ ರಾಗಕ್ಕೆ ಉಸಿರಾಡಲು ಜಾಗ. ತಾಳ ಹಾಕುವವರಿಲ್ಲ, ಆದರೂ ನಡಿಗೆ ತಪ್ಪದು. 1959ರಲ್ಲಿ ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ ಜಾಝ್ ಕೇಳುಗರನ್ನು ಐದರ ಎಣಿಕೆಯಿಂದ ಬೆರಗಾಗಿಸಿತು. ಕನ್ನಡದ ಕಿವಿಗೆ ಅದು ಶತಮಾನಗಳ ಪರಿಚಯ.

ರಾಗ ಹೆಚ್ಚಾದರೆ ಅರ್ಥ ಮುಳುಗುತ್ತದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಳ್ಳೆಯ ಗಮಕಿ ಪದವನ್ನು ಒಡೆದು ಸ್ವರ ಹಿಗ್ಗಿಸುವುದಿಲ್ಲ. ಸೀತಾ ಪರಿತ್ಯಾಗದ ಕರುಣಕ್ಕೆ ತಕ್ಕ ರಾಗ ಆರಿಸಿ ಅರ್ಥವನ್ನೇ ಮುಂದೆ ನಿಲ್ಲಿಸುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದ ಮೇಷ್ಟ್ರುಗಳೇ, ಇದೇ ಕಾವ್ಯದ ಚಂದ್ರಹಾಸನ ಕಥೆಯನ್ನು ಮಕ್ಕಳಿಂದ ಒಮ್ಮೆ ಹಾಡಿಸಿ.